ಹೂಳು ಬೀಳುವ ಹೊತ್ತು

ಮೂವತ್ತು ಮೀಟರ್ ಎತ್ತರಕ್ಕೆ ಬೆಳೆಯುವ ಕಂದು ಕಡಲಕಳೆಯ ಹಣೆಬರಹ ತೀರ್ಮಾನವಾಗುವುದು ಅದು ಕಣ್ಣಿಗೆ ಕಾಣದಷ್ಟು ಚಿಕ್ಕದಿರುವಾಗ. ಆ ವೇಳೆಗೆ ಬಂಡೆಯ ಮೇಲೆ ತೆಳುವಾಗಿ ಕೆಸರು ಕೂತಿದ್ದರೂ ಸಾಕು, ಕಡಲ ಕಾಡೊಂದು ಹುಟ್ಟದೆಯೇ ಹೋಗಬಹುದು.

2011ರ ಸೆಪ್ಟೆಂಬರಿನಲ್ಲಿ ಅಮೆರಿಕದ ವಾಯವ್ಯ ಮೂಲೆಯಲ್ಲಿರುವ ವಾಷಿಂಗ್ಟನ್ ರಾಜ್ಯದಲ್ಲಿ, ಎಲ್ವಾ ನದಿಗೆ ಅಡ್ಡಲಾಗಿದ್ದ ಎರಡು ಅಣೆಕಟ್ಟುಗಳನ್ನು ಕೆಡವುವ ಕೆಲಸ ಶುರುವಾಯಿತು. 1913ರ ಎಲ್ವಾ ಅಣೆಕಟ್ಟು ಮರುವರ್ಷವೇ ಇಲ್ಲವಾಯಿತು. ಅದಕ್ಕಿಂತ ಮೇಲೆ, 1927ರಲ್ಲಿ ಮುಗಿದಿದ್ದ 64 ಮೀಟರ್ ಎತ್ತರದ ಗ್ಲೈನ್ಸ್ ಕ್ಯಾನ್ಯನ್ ಅಣೆಕಟ್ಟಿನ ಕೊನೆಯ ತುಂಡನ್ನು 2014ರ ಆಗಸ್ಟಿನಲ್ಲಿ ಸಿಡಿಸಿದರು. ನದಿಯ ಮೂಲನಿವಾಸಿಗಳಾದ ಕ್ಲಾಲಮ್ ಜನರಿಗೆ ಇದು ಸಾಲ್ಮನ್ ಮೀನು ಮರಳಿ ಬರುವ ಹಾದಿ. ಪತ್ರಿಕೆಗಳೂ ಹೆಚ್ಚಾಗಿ ಸಾಲ್ಮನ್ ಬಗ್ಗೆಯೇ ಬರೆದವು. ಆದರೆ ಹೆಚ್ಚುಕಡಿಮೆ ಒಂದು ಶತಮಾನ ಆ ಜಲಾಶಯಗಳ ತಳದಲ್ಲಿ ಎರಡು ಕೋಟಿ ಘನ ಮೀಟರಿಗೂ ಮಿಕ್ಕಿ ಹೂಳು ಕೂತಿತ್ತು. ಅಣೆಕಟ್ಟು ಕರಗಿದಂತೆ ಅದರ ದೊಡ್ಡ ಪಾಲು ನದಿಗೆ ಬಿತ್ತು. ನದಿ ಅದನ್ನು ಹೊತ್ತು ಹ್ವಾನ್ ಡಿ ಫ್ಯೂಕಾ ಜಲಸಂಧಿಗೆ ಸುರಿಯಿತು.

ಆ ಜಲಸಂಧಿಯ ಬಂಡೆತಳದಲ್ಲಿ ಕೆಲ್ಪ್ ಎಂಬ ಕಂದು ಕಡಲಕಳೆಗಳ ದಟ್ಟ ಕಾಡಿತ್ತು. ಅಣೆಕಟ್ಟು ಒಡೆಯುವ ಮುಂಚೆಯೇ ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣಾ ಸಂಸ್ಥೆಯ ಮುಳುಗುಗಾರರು ಅಲ್ಲಿ ಇಳಿದು ಎಣಿಕೆ ಮಾಡಿಟ್ಟಿದ್ದರು. ಹಾಗಾಗಿ ಮುಂದೆ ಆದದ್ದಕ್ಕೆ ಲೆಕ್ಕವಿದೆ. ಹೂಳು ಬರಲು ಶುರುವಾದ ಎರಡೇ ವರ್ಷಗಳಲ್ಲಿ ಅಳಿವೆಯ ಆಸುಪಾಸಿನ ಕೆಲ್ಪ್ ಬಹುತೇಕ ಅಳಿಯಿತು. ಮುಖ್ಯ ಕಾರಣ, ಕದಡಿದ ನೀರು ಬೆಳಕನ್ನು ತಡೆದದ್ದು. ಹೂಳಿನ ಹರಿವು ತಗ್ಗಿ ನೀರು ತಿಳಿಯಾದ ಮೇಲೆ ಕೆಲವೇ ವರ್ಷಗಳಲ್ಲಿ ಬಹಳಷ್ಟು ಕಡೆ ಕೆಲ್ಪ್ ಮತ್ತೆ ಮೇಲೆದ್ದಿತು. ಆದರೆ ಬಂಡೆಯ ಮೇಲೆ ಮರಳು ದಪ್ಪಗೆ ಕೂತ ಕಡೆ ಅದು ಬರಲಿಲ್ಲ. ಅಲ್ಲಿ ಈಗ ಮರಳಿನಲ್ಲಿ ಬಾಳುವ ಬೇರೆಯೇ ಜೀವಿಗಳ ಸಂಸಾರ.

ಒಂದೇ ನದಿ, ಒಂದೇ ಹೂಳು. ಒಂದು ಕಡೆ ಕಾಡು ಮರಳಿತು, ಇನ್ನೊಂದು ಕಡೆ ಹೋಯಿತು. ಹೂಳು ಕಡಲಕಳೆಗೆ ಕೆಟ್ಟದ್ದು ಎಂದಷ್ಟೇ ಹೇಳಿದರೆ ಈ ವ್ಯತ್ಯಾಸಕ್ಕೆ ಉತ್ತರ ಸಿಗುವುದಿಲ್ಲ. ಹೂಳು ಬಂದಾಗ ಕಳೆಗೆ ಎಷ್ಟು ವಯಸ್ಸಾಗಿತ್ತು ಎಂದು ಕೇಳಬೇಕು.

ಬೇರಿಲ್ಲದ ಗಿಡ

ಕಡಲಕಳೆಗಳಲ್ಲಿ ಹಸಿರು, ಕೆಂಪು, ಕಂದು ಎಂದು ಮೂರು ದೊಡ್ಡ ಬಣ. ಕಂದು ಬಣದವಕ್ಕೆ ಆ ಬಣ್ಣ ಬಂದಿರುವುದು ಫ್ಯೂಕೊಝ್ಯಾಂತಿನ್ ಎಂಬ ವರ್ಣದ್ರವ್ಯದಿಂದ. ಕಡಲಿನ ಅತಿ ದೊಡ್ಡ ಕಳೆಗಳೆಲ್ಲ ಈ ಬಣದವೇ. ಕ್ಯಾಲಿಫೋರ್ನಿಯಾ, ಚಿಲಿ, ನ್ಯೂಝಿಲೆಂಡ್ ತೀರಗಳ ಮ್ಯಾಕ್ರೊಸಿಸ್ಟಿಸ್ ಎಂಬ ದೈತ್ಯ ಕೆಲ್ಪ್ ಮೂವತ್ತು ಮೀಟರ್ ದಾಟುತ್ತದೆ. ಹದವಾದ ನೀರಿನಲ್ಲಿ ಒಂದು ದಿನಕ್ಕೆ ಅರ್ಧ ಮೀಟರಿನವರೆಗೂ ಉದ್ದವಾಗುತ್ತದೆ. ತಣ್ಣೀರಿನ ಕೆಲ್ಪ್ ಭಾರತದ ಕಡಲಿನಲ್ಲಿಲ್ಲ. ನಮ್ಮಲ್ಲಿರುವ ಕಂದು ಕಳೆಗಳೆಂದರೆ ಸರ್ಗಾಸಮ್, ಟರ್ಬಿನೇರಿಯಾ, ಬೀಸಣಿಗೆಯಂಥ ಪಡೈನಾ ಮುಂತಾದವು. ಐಸ್‌ಕ್ರೀಮಿಗೆ, ಬಟ್ಟೆಯ ಅಚ್ಚಿಗೆ, ದಂತವೈದ್ಯರು ಹಲ್ಲಿನ ಅಚ್ಚು ತೆಗೆಯುವ ಪುಡಿಗೆ ಬೇಕಾಗುವ ಆಲ್ಜಿನೇಟ್ ಸಿಗುವುದು ಕಂದು ಕಳೆಗಳಿಂದಲೇ.

ಇವುಗಳಿಗೆ ಬೇರಿಲ್ಲ. ಬುಡದಲ್ಲಿ ಬೇರಿನಂತೆ ಕಾಣುವ ಗಂಟು ನೀರನ್ನೂ ಹೀರುವುದಿಲ್ಲ, ಸತ್ವವನ್ನೂ ಹೀರುವುದಿಲ್ಲ. ಅದರ ಕೆಲಸ ಬಂಡೆಯನ್ನು ಹಿಡಿದುಕೊಳ್ಳುವುದು ಮಾತ್ರ. ಆಹಾರವನ್ನೆಲ್ಲ ಎಲೆಯಂಥ ಪಟ್ಟಿಗಳೇ ನೀರಿನಿಂದ ನೇರವಾಗಿ ತೆಗೆದುಕೊಳ್ಳುತ್ತವೆ. ನೆಲದ ಗಿಡಕ್ಕೆ ಮಣ್ಣು ತಾಯಿ. ಇವಕ್ಕೆ ಮಣ್ಣಿನಿಂದ ಸಿಗುವುದು ಏನೂ ಇಲ್ಲ. ಗಟ್ಟಿ ನೆಲದ ಮೇಲೆ ಮಣ್ಣು ಬಂದು ಕೂತರೆ ಕಾಲೂರಲು ಜಾಗವೇ ಹೋಯಿತು.

ಬೆಳೆದ ಕಳೆಗೆ ಇದು ಅಷ್ಟು ದೊಡ್ಡ ಸಂಕಟವಲ್ಲ. ಅದರ ಬುಡ ಈಗಾಗಲೇ ಬಂಡೆಯಲ್ಲಿ ಕಚ್ಚಿಕೊಂಡಿದೆ, ತಲೆ ಕೆಸರಿನಿಂದ ಎಷ್ಟೋ ಮೇಲೆ ಬೆಳಕಿನಲ್ಲಿದೆ. ಅಲೆಗೆ ಓಲಾಡುವಾಗ ಅದರ ಪಟ್ಟಿಗಳು ಸುತ್ತಲಿನ ಬಂಡೆಯನ್ನು ಒರೆಸಿ ಹೂಳನ್ನು ಎಬ್ಬಿಸುವುದೂ ಉಂಟು. ಬಾಲ್ಟಿಕ್ ಸಮುದ್ರದ ಫ್ಯೂಕಸ್ ಕಳೆಯಲ್ಲಿ ಇದನ್ನು ಚೆನ್ನಾಗಿ ಗಮನಿಸಿದ್ದಾರೆ: ದೊಡ್ಡ ಗಿಡ ಒರೆಸಿಟ್ಟ ಜಾಗದಲ್ಲಿ ಮರಿಗಳಿಗೆ ನೆಲೆ ಸಿಗುತ್ತದೆ. ಹಿರಿಯರು ಇರುವವರೆಗೆ ಕಿರಿಯರಿಗೆ ಅಂಗಳ ಸ್ವಚ್ಛ.

ಕಾಣದ ಬಾಲ್ಯ

ಕೆಲ್ಪ್‌ಗೆ ಒಂದು ಗುಪ್ತ ಬಾಲ್ಯವಿದೆ. ಅದನ್ನು ಮೊದಲು ಬಿಡಿಸಿ ತೋರಿಸಿದವನು ಫ್ರಾನ್ಸಿನ ಕಮೀಯ್ ಸೊವಾಜೊ, 1915ರಲ್ಲಿ. ಅಲ್ಲಿಯತನಕ ಸಸ್ಯಶಾಸ್ತ್ರಜ್ಞರಿಗೆ ಕೆಲ್ಪ್ ಎಂದರೆ ಕಣ್ಣಿಗೆ ಕಾಣುವ ದೊಡ್ಡ ಗಿಡ ಮಾತ್ರ. ಆ ದೊಡ್ಡ ಗಿಡದ ಬೀಜಕದಿಂದ ಇನ್ನೊಂದು ದೊಡ್ಡ ಗಿಡ ನೇರವಾಗಿ ಹುಟ್ಟುವುದಿಲ್ಲ, ನಡುವೆ ಸೂಕ್ಷ್ಮದರ್ಶಕದಲ್ಲಷ್ಟೇ ಕಾಣುವ ಇನ್ನೊಂದು ತಲೆಮಾರು ಬದುಕಿ ಹೋಗುತ್ತದೆ ಎಂದು ಸೊವಾಜೊ ಕಂಡುಕೊಂಡ.

ಕ್ರಮ ಹೀಗಿದೆ. ದೊಡ್ಡ ಗಿಡ ಕೋಟಿಗಟ್ಟಲೆ ಬೀಜಕಗಳನ್ನು ನೀರಿಗೆ ಬಿಡುತ್ತದೆ. ಒಂದೊಂದೂ ಕೆಲವೇ ಮೈಕ್ರಾನ್ ಗಾತ್ರದ್ದು. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಎರಡು ಚಾವಟಿಗಳನ್ನು ಬೀಸುತ್ತ ಅದು ಈಜುತ್ತದೆ. ಮೈಮೇಲೆ ಗಟ್ಟಿ ಕೋಶಭಿತ್ತಿಯೂ ಇಲ್ಲ. ಗಟ್ಟಿ ನೆಲ ಮುಟ್ಟಿದ ಕೂಡಲೇ ಚಾವಟಿಗಳನ್ನು ಒಳಗೆಳೆದುಕೊಂಡು, ಅಂಟು ಸ್ರವಿಸಿ ಕೂರುತ್ತದೆ. ಆಮೇಲೆ ಸುತ್ತ ಭಿತ್ತಿ ಕಟ್ಟಿಕೊಂಡು ಮೊಳೆಯುತ್ತದೆ. ಕೆಲವು ಗಂಡು, ಕೆಲವು ಹೆಣ್ಣು. ಎಳೆಎಳೆಯಾಗಿ ಕವಲೊಡೆವ ಈ ಪುಟ್ಟ ಜೀವಕ್ಕೆ ಗ್ಯಾಮಿಟೊಫೈಟ್ ಎಂದು ಹೆಸರು. ಹೆಣ್ಣು ಅಂಡಾಣು ಕಟ್ಟಿದ ಮೇಲೆ ನೀರಿಗೆ ಒಂದು ರಾಸಾಯನಿಕ ಬಿಡುತ್ತದೆ. ಅದು ತಾಕಿದೊಡನೆ ಹತ್ತಿರದ ಗಂಡು ವೀರ್ಯಾಣುಗಳನ್ನು ಹೊರಬಿಡುತ್ತದೆ, ಅವು ಆ ಜಾಡು ಹಿಡಿದು ಅಂಡಾಣುವನ್ನು ತಲುಪುತ್ತವೆ. ಹಾಗೆ ಕೂಡಿದ ಕೋಶವೇ ಮುಂದೆ ಮೂವತ್ತು ಮೀಟರಿನ ಗಿಡ.

ಇಲ್ಲಿ ಒಂದು ಲೆಕ್ಕ ಅಡಗಿದೆ. ರಾಸಾಯನಿಕದ ಕರೆ ಕೇಳಿಸುವುದು ಹೆಚ್ಚೆಂದರೆ ಮಿಲಿಮೀಟರಿನಷ್ಟು ದೂರಕ್ಕೆ. ಆದ್ದರಿಂದ ಹೆಣ್ಣೂ ಗಂಡೂ ಒತ್ತಿನಲ್ಲೇ ಕೂತಿರಬೇಕು. ಕ್ಯಾಲಿಫೋರ್ನಿಯಾದ ಡೇನಿಯಲ್ ರೀಡ್ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಚದರ ಮಿಲಿಮೀಟರಿಗೆ ಒಂದಕ್ಕಿಂತ ಹೆಚ್ಚು ಬೀಜಕ ಬಿದ್ದಲ್ಲಿ ಮಾತ್ರ ಕೆಲ್ಪ್ ಮರಿಗಳು ಕಾಣಿಸಿಕೊಂಡವು. ಹೂಳು ಬಂದು ಅರ್ಧದಷ್ಟು ಬೀಜಕಗಳು ಹೋದವು ಎಂದುಕೊಳ್ಳಿ. ಮರಿಗಳು ಅರ್ಧಕ್ಕೆ ಇಳಿಯುತ್ತವೆ ಎಂಬ ಸರಳ ತ್ರೈರಾಶಿ ಇಲ್ಲಿ ನಡೆಯುವುದಿಲ್ಲ. ಉಳಿದ ಅರ್ಧದಲ್ಲಿ ಎಷ್ಟೋ ಹೆಣ್ಣುಗಳಿಗೆ ಕೈಗೆಟುಕುವ ದೂರದಲ್ಲಿ ಗಂಡೇ ಇರುವುದಿಲ್ಲ. ಹೂಳು ಕಳೆಯುವುದು ಒಂದು, ಕಳೆಗೆ ತಟ್ಟುವ ನಷ್ಟ ಅದಕ್ಕಿಂತ ಹೆಚ್ಚು.

ಬೀಜಕದಷ್ಟೇ ದೊಡ್ಡ ಕಣ

ಹೂಳು ಅಂದರೆ ಎಲ್ಲವೂ ಒಂದೇ ಅಲ್ಲ. ಭೂವಿಜ್ಞಾನಿಗಳು ಕಣದ ಗಾತ್ರ ಹಿಡಿದು ವಿಂಗಡಿಸುತ್ತಾರೆ: 4 ಮೈಕ್ರಾನಿಗಿಂತ ಸಣ್ಣದು ಜೇಡಿ, 4ರಿಂದ 63ರವರೆಗೆ ನಯವಾದ ಹೂಳು, ಅಲ್ಲಿಂದ 2 ಮಿಲಿಮೀಟರಿನ ತನಕ ಮರಳು. ಕೆಲ್ಪ್ ಬೀಜಕದ ಗಾತ್ರ ಈ ಪಟ್ಟಿಯಲ್ಲಿ ನಯ ಹೂಳಿನ ಕೆಳತುದಿಗೆ ಬರುತ್ತದೆ. ಅಂದರೆ ಬೀಜಕ ಮತ್ತು ಅದನ್ನು ಕೆಡಿಸುವ ಕಣ ಸರಿಸಮ. ನಮ್ಮ ಕಣ್ಣಿಗೆ ಬಂಡೆಯ ಮೇಲೊಂದು ಮಸುಕು ಪದರ ಅನ್ನಿಸುವುದು ಬೀಜಕದ ಪಾಲಿಗೆ ಗುಂಡುಕಲ್ಲುಗಳ ರಾಶಿ.

ಧೂಳು ಕೂತ ಗೋಡೆಗೆ ಚೀಟಿ ಅಂಟಿಸಿದರೆ ಗೋಂದು ಹಿಡಿಯುವುದು ಧೂಳನ್ನು. ಗಾಳಿ ಬೀಸಿದರೆ ಧೂಳಿನ ಜತೆ ಚೀಟಿಯೂ ಉದುರುತ್ತದೆ. ಬೀಜಕಕ್ಕೂ ಇದೇ ಗತಿ. ಅಂಟು ತನ್ನ ಕೆಲಸ ಸರಿಯಾಗಿಯೇ ಮಾಡಿರುತ್ತದೆ. ಆದರೆ ಅದು ಹಿಡಿದದ್ದು ಬಂಡೆಯನ್ನಲ್ಲ, ಒಂದು ಸಡಿಲ ಕಣವನ್ನು. ಮುಂದಿನ ಅಲೆಗೆ ಕಣವೂ ಹೋಯಿತು, ಬೀಜಕವೂ ಹೋಯಿತು.

ಇದನ್ನು ಮೊದಲು ಅಚ್ಚುಕಟ್ಟಾಗಿ ಪರೀಕ್ಷಿಸಿದವರಲ್ಲಿ ಕ್ಯಾಲಿಫೋರ್ನಿಯಾದ ಡೆವಿನಿ ಮತ್ತು ವೋಲ್ಸ್ ಮುಖ್ಯರು. ದೈತ್ಯ ಕೆಲ್ಪ್‌ನ ಬೀಜಕಗಳ ಮೇಲೆ ಗಾಜಿನ ತಟ್ಟೆಗಳಲ್ಲಿ ಅವರು ನಡೆಸಿದ ಪ್ರಯೋಗ 1978ರಲ್ಲಿ ಪ್ರಕಟವಾಯಿತು. ಅವರು ನೋಡಿದ್ದು ಹೂಳಿನ ಪ್ರಮಾಣವನ್ನಷ್ಟೇ ಅಲ್ಲ, ಸರದಿಯನ್ನೂ. ಹೂಳು ಮೊದಲೇ ಕೂತು ಬೀಜಕ ಆಮೇಲೆ ಬಂದರೆ? ಎರಡೂ ಕೂಡಿ ಬಂದರೆ? ಬೀಜಕ ನೆಲ ಹಿಡಿದ ಮೇಲೆ ಹೂಳು ಬಿದ್ದರೆ? ತಳವನ್ನು ಮುಚ್ಚುವಷ್ಟು ತೆಳು ಹೂಳು ಮೊದಲೇ ಇದ್ದರೆ ಬೀಜಕಗಳಿಗೆ ಉಳಿಗಾಲವಿರಲಿಲ್ಲ. ಒಮ್ಮೆ ನೆಲ ಹಿಡಿದ ಬೀಜಕಗಳನ್ನು ಅದೇ ಮಟ್ಟಿಗೆ ಕೊಲ್ಲಲು ಅದಕ್ಕಿಂತ ಬಹಳ ಹೆಚ್ಚು ಹೂಳು ಬೇಕಾಯಿತು. ನಿಂತ ನೀರಿನ ಬದಲು ಅಲುಗಾಡುವ ನೀರಾದರೆ ಹಾನಿಗೆ ಇನ್ನೊಂದು ಮುಖ ಬಂತು: ಕಣಗಳು ಉಜ್ಜುಕಾಗದದಂತೆ ಮರಿಗಳನ್ನು ತಿಕ್ಕಿ ತೆಗೆದವು. ಆ ಪುಟ್ಟ ಗಾಜಿನ ತಟ್ಟೆಗಳಲ್ಲಿ ಸಿಕ್ಕ ಪಾಠವನ್ನು ಆಮೇಲಿನ ದಶಕಗಳು ಕಡಲಿನಲ್ಲೇ ಮತ್ತೆ ಮತ್ತೆ ಕಂಡವು.

ನ್ಯೂಝಿಲೆಂಡಿನ ಎರಡು ಕಳೆ

ನ್ಯೂಝಿಲೆಂಡಿನ ದಕ್ಷಿಣ ದ್ವೀಪದಲ್ಲಿ, ಕ್ಯಾಂಟರ್ಬರಿ ವಿಶ್ವವಿದ್ಯಾಲಯದ ಡೇವಿಡ್ ಶೀಲ್ ಮತ್ತು ಸಂಗಡಿಗರು ಎರಡು ಬೇರೆ ಸ್ವಭಾವದ ಕಂದು ಕಳೆಗಳನ್ನು ಆರಿಸಿಕೊಂಡರು. ಒಂದು ಹಾರ್ಮೊಸಿರಾ: ಮಣಿ ಪೋಣಿಸಿದಂತೆ ಕಾಣುವ, ಇಳಿತದಲ್ಲಿ ಬಯಲಾಗುವ ಹಾಸುಬಂಡೆಗಳ ಮೇಲೆ, ತುಸು ಮರೆಯಾದ ಜಾಗಗಳಲ್ಲಿ ಬೆಳೆಯುವ ಕಳೆ. ಇನ್ನೊಂದು ಡರ್ವಿಲಿಯಾ: ಅಲೆ ಅಬ್ಬರಿಸುವ ಬಂಡೆಯಂಚಿನಲ್ಲಿ ಚರ್ಮದ ಪಟ್ಟಿಗಳಂತೆ ಹೊಡೆದಾಡುವ ದೊಡ್ಡ ಕಳೆ. ಇದರ ಪಟ್ಟಿಗಳನ್ನು ಸೀಳಿ ಚೀಲ ಮಾಡಿ, ಮಾವೊರಿ ಜನ ಅದರಲ್ಲಿ ಕಡಲಹಕ್ಕಿಯ ಮಾಂಸವನ್ನು ಕಾಪಿಡುತ್ತಾರೆ.

ಈ ಎರಡಕ್ಕೂ ಕೆಲ್ಪ್‌ನಂತೆ ಗುಪ್ತ ತಲೆಮಾರಿಲ್ಲ. ಅಂಡಾಣು ನೀರಿಗೆ ಬಿದ್ದು, ಫಲಿತವಾಗಿ, ಬಂಡೆಗೆ ಅಂಟಿ, ನೇರವಾಗಿ ಗಿಡವಾಗುತ್ತದೆ. ಆದರೂ ಆ ಅಂಟುವ ಗಳಿಗೆ ಇವಕ್ಕೂ ಅಷ್ಟೇ ನಾಜೂಕಿನದು. 2006ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ, ಫಲಕಗಳ ಮೇಲೆ ಹೂಳನ್ನು ಹಗುರವಾಗಿ ಉದುರಿಸಿದಾಗಲೇ ಹಾರ್ಮೊಸಿರಾದ ಅಂಟುವಿಕೆ ಶೇ 34ರಷ್ಟು ಕುಸಿಯಿತು. ಡರ್ವಿಲಿಯಾದ್ದು ಶೇ 71ರಷ್ಟು. ಫಲಕ ಪೂರ್ತಿ ಮುಚ್ಚುವಷ್ಟು ಹೂಳಿದ್ದರೆ ಡರ್ವಿಲಿಯಾ ಅಂಟಲೇ ಇಲ್ಲ. ಹಾರ್ಮೊಸಿರಾ ಅಂಟಿದ್ದು ಲೆಕ್ಕಕ್ಕೆ ಸಿಗದಷ್ಟು.

ಎರಡರ ನಡುವಿನ ಅಂತರ ಅವುಗಳ ಬಾಳಿನ ಜಾಗಕ್ಕೆ ಹೊಂದುತ್ತದೆ. ಹಾರ್ಮೊಸಿರಾ ಇರುವ ಮರೆಯ ಬಂಡೆಗಳ ಮೇಲೆ ಒಂದಿಷ್ಟು ಕೆಸರು ಮಾಮೂಲು. ಡರ್ವಿಲಿಯಾದ ಬಂಡೆಯನ್ನು ಅಲೆ ಸದಾ ತೊಳೆಯುತ್ತಿರುತ್ತದೆ. ಅದಕ್ಕೆ ಹೂಳಿನ ರೂಢಿಯೇ ಇಲ್ಲ.

ಹತ್ತು ವರ್ಷದ ಬಳಿಕ ಇದೇ ತೀರಕ್ಕೆ ಪ್ರಕೃತಿಯೇ ಒಂದು ಕಠಿಣ ಪರೀಕ್ಷೆ ಒಡ್ಡಿತು. 2016ರ ನವೆಂಬರ್ 14ರಂದು ಕೈಕೋರಾ ಭೂಕಂಪ, ತೀವ್ರತೆ 7.8. ಕರಾವಳಿಯ ಬಂಡೆಗಳು ಕೆಲವೆಡೆ ಹಲವು ಮೀಟರ್ ಮೇಲೆದ್ದು ಡರ್ವಿಲಿಯಾ ಒಣಗಿ ಸತ್ತಿತು. ಕೆಳಮಟ್ಟದಲ್ಲಿ ಹೊಸ ಬಂಡೆ ಸಿಕ್ಕಿತಲ್ಲ, ಮತ್ತೆ ಬೆಳೆಯಬಹುದಿತ್ತು. ಆದರೆ ಮೇಲೆದ್ದ ಮೆತುಬಂಡೆ ಸವೆದು ಹೂಳಾಗಿ ಹರಡಿತು. ತಾಯಿಗಿಡ ಇಲ್ಲದ ಕಡೆ, ಬಿಸಿಲು ಬೇಯಿಸುವ ಕಡೆ, ಹೂಳು ಕೂತ ಕಡೆ ಚೇತರಿಕೆ ನಿಧಾನವಾಯಿತು. ಭೂಕಂಪ ನಿಮಿಷಗಳಲ್ಲಿ ಮುಗಿದಿತ್ತು. ಅದರ ಹೂಳು ವರ್ಷಗಟ್ಟಲೆ ಉಳಿಯಿತು.

ಶಾಂತ ನೀರಿನ ಇಕ್ಕಟ್ಟು

ಬಾಲ್ಟಿಕ್ ತೀರದ ಫ್ಯೂಕಸ್ ಇನ್ನೊಂದು ತೊಡಕನ್ನು ಮುಂದಿಡುತ್ತದೆ. ನೀರು ಕಲಕುತ್ತಿದ್ದರೆ ಅಂಡಾಣು ಒಂದು ಕಡೆ, ವೀರ್ಯಾಣು ಒಂದು ಕಡೆ ಚೆದುರಿಹೋಗುತ್ತವೆ. ಆದ್ದರಿಂದ ಫ್ಯೂಕಸ್ ಕಾಯುತ್ತದೆ. ನೀರು ಶಾಂತವಾದ ಹೊತ್ತು ನೋಡಿ ಅವನ್ನು ಬಿಡುತ್ತದೆ. 1996ರಲ್ಲಿ ಎಸ್ಟರ್ ಸೆರಾವೊ ಮತ್ತು ಸಂಗಡಿಗರು ಇದನ್ನು ತೋರಿಸಿಕೊಟ್ಟರು. ಹಾಗೆ ಕಾದದ್ದಕ್ಕೆ ಫಲವೂ ಇದೆ, ಹೆಚ್ಚುಕಡಿಮೆ ಎಲ್ಲ ಅಂಡಾಣುಗಳೂ ಫಲಿಸುತ್ತವೆ.

ಆದರೆ ತೇಲುವ ಹೂಳು ತಳಕ್ಕೆ ಇಳಿಯುವುದೂ ಶಾಂತ ನೀರಿನಲ್ಲೇ. ಕಳೆಗೆ ಯಾವ ಹೊತ್ತು ಹಿತವೋ ಹೂಳಿಗೂ ಅದೇ ಹೊತ್ತು ಹಿತ. ನದಿ, ಕಾರ್ಖಾನೆ, ಹೂಳೆತ್ತುವ ಹಡಗು ಯಾವುದೂ ಕದಡದ ಕಾಲದಲ್ಲಿ ಈ ಹೊಂದಾಣಿಕೆಯಿಂದ ಕೇಡಿರಲಿಲ್ಲ. ಶಾಂತ ನೀರು ಎಂದರೆ ತಿಳಿನೀರೂ ಆಗಿತ್ತು. ಮನುಷ್ಯರ ಕೆಲಸದಿಂದ ನೀರಿನಲ್ಲಿ ಹೂಳು ಹೆಚ್ಚಿದ ಮೇಲೆ, ಕಳೆ ನಂಬಿಕೊಂಡಿದ್ದ ಸೂಚನೆಯೇ ಅದನ್ನು ಅಪಾಯಕ್ಕೆ ತಳ್ಳುತ್ತಿದೆ. ಸ್ವೀಡನ್ನಿನ ಬ್ರಿಟಾಸ್ ಎರಿಕ್ಸನ್ ಮತ್ತು ಗುಸ್ತಾವ್ ಯೊಹಾನ್ಸನ್ 2003ರಲ್ಲಿ ಹೂಳು ಬಾಲ್ಟಿಕ್ ಫ್ಯೂಕಸ್‌ನ ಹೊಸ ಮರಿಗಳ ಸಂಖ್ಯೆಯನ್ನು ತಗ್ಗಿಸುವುದನ್ನು ದಾಖಲಿಸಿದರು.

ಹೂಳಿನ ಕೆಳಗೆ

ಅಂಟಿ ಗೆದ್ದ ಮರಿಯ ಮೇಲೆ ಆಮೇಲೆ ಹೂಳು ಕೂತರೆ ಏನಾಗುತ್ತದೆ? ಮೊದಲ ಪೆಟ್ಟು ಬೆಳಕಿಗೆ. ಜರ್ಮನಿಯ ಕ್ಲಾಸ್ ಲ್ಯೂನಿಂಗ್ ಮತ್ತು ಬ್ರಿಟನ್ನಿನ ಮ್ಯಾಥ್ಯೂ ಡ್ರಿಂಗ್ 1970ರ ದಶಕದಲ್ಲಿ ಕಂಡುಕೊಂಡಂತೆ, ಕೆಲ್ಪ್‌ನ ಗ್ಯಾಮಿಟೊಫೈಟ್ ಅಂಡಾಣು ಕಟ್ಟಬೇಕಾದರೆ ನೀಲಿ ಬೆಳಕು ಬೇಕು. ಬರೀ ಕೆಂಪು ಬೆಳಕಿನಲ್ಲಿಟ್ಟರೆ ಅದು ಎಳೆ ಚಾಚಿ ಬೆಳೆಯುತ್ತದೆ, ಫಲಕ್ಕೆ ಬರುವುದಿಲ್ಲ. ತಿಳಿಗಡಲಿನಲ್ಲಿ ಅತಿ ಆಳಕ್ಕೆ ಇಳಿಯುವುದು ನೀಲಿಯೇ. ನದಿಯ ನೀರು, ಕೊಳೆತ ಎಲೆಗಳ ಕಂದು ರಸ, ಹೂಳಿನ ಕಣ ಸೇರಿದ ದಡದ ನೀರಿನಲ್ಲಿ ಮೊದಲು ಮಾಯವಾಗುವುದೂ ನೀಲಿಯೇ. ಹಾಗಾಗಿ ಕದಡಿದ ನೀರು ಕಳೆಯನ್ನು ಹಸಿವಿನಿಂದ ಬಳಲಿಸುವುದರ ಜೊತೆಗೆ ಸಂತಾನದ ಸೂಚನೆಯನ್ನೂ ಅಳಿಸಿಹಾಕುತ್ತದೆ.

ಇದರಲ್ಲೇ ಒಂದು ಆಸೆಯ ಎಳೆಯೂ ಇದೆ. ಮಬ್ಬಿನಲ್ಲಿ ಗ್ಯಾಮಿಟೊಫೈಟ್ ಕೂಡಲೇ ಸಾಯುವುದಿಲ್ಲ, ತಿಂಗಳುಗಟ್ಟಲೆ ಕಾಯಬಲ್ಲದು. ನೀರು ತಿಳಿಯಾದ ದಿನ ಕೆಲಸ ಮುಂದುವರಿಸುತ್ತದೆ. ಕಾಡು ಕಡಿದುಹೋದಂತೆ ಕಾಣುವ ಬಂಡೆಯ ಮೇಲೂ ಕಾಣದ ತಲೆಮಾರೊಂದು ಕೂತಿರಬಹುದು ಎಂದು ಕೆಲ್ಪ್ ಅಧ್ಯಯನ ಮಾಡುವವರು ಹೇಳುವುದು ಈ ಕಾರಣಕ್ಕೆ.

ಎರಡನೆಯ ಪೆಟ್ಟು ಉಸಿರಿಗೆ. ಮರಳಿನ ಕಣಗಳ ನಡುವೆ ನೀರಾಡಲು ಸಂದಿ ಇರುತ್ತದೆ. ನಯ ಜೇಡಿ ಹಾಗಲ್ಲ, ಮುಚ್ಚಳದಂತೆ ಕೂರುತ್ತದೆ. ಅದರಲ್ಲಿ ಕೊಳೆಯುವ ಜೈವಿಕ ವಸ್ತು ಬೆರೆತಿದ್ದರೆ ಬ್ಯಾಕ್ಟೀರಿಯಾಗಳು ಆಮ್ಲಜನಕವನ್ನು ಮುಗಿಸಿ, ಹೈಡ್ರೊಜನ್ ಸಲ್ಫೈಡ್ ಎಂಬ ಕೊಳೆತ ಮೊಟ್ಟೆ ವಾಸನೆಯ ವಿಷವನ್ನು ಬಿಡುತ್ತವೆ. ಹೀಗಾಗಿ ಒಂದೇ ದಪ್ಪದ ಪದರವಾದರೂ ಗುಡ್ಡದ ಹೊಸ ಮಣ್ಣಿನ ಪರಿಣಾಮ ಬೇರೆ, ಚರಂಡಿಯ ರಾಡಿಯ ಪರಿಣಾಮ ಬೇರೆ. ಎಷ್ಟು ಮಿಲಿಮೀಟರ್ ಎಂಬ ಒಂದೇ ಅಳತೆಗೆ ಹೂಳಿನ ಗುಣ ಸಿಗುವುದಿಲ್ಲ.

ಜಾಗ ಬಿಡದ ಚಾಪೆ

ಅಲೆ ಬಂದು ಹೂಳನ್ನು ತೊಳೆದರೆ ಬಂಡೆ ಮತ್ತೆ ಕಳೆಗೆ ದಕ್ಕಬೇಕಲ್ಲ? ಎಷ್ಟೋ ಕಡೆ ದಕ್ಕುತ್ತದೆ. ದಕ್ಕದ ಕಡೆ ನಡುವೆ ಒಬ್ಬ ಮೂರನೆಯವ ಬಂದಿರುತ್ತಾನೆ: ಬೆರಳುದ್ದವೂ ಇರದ, ಎಳೆಎಳೆ ಪಾಚಿಗಳು ಹೆಣೆದುಕೊಂಡ ಚಾಪೆ. ಚರಂಡಿ ನೀರಿನ ಸಾರಜನಕ ಇದಕ್ಕೆ ಹಬ್ಬದೂಟ. ಈ ಚಾಪೆ ಹೂಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಹೂಳು ಕೆಲ್ಪ್ ಮರಿಗಳನ್ನು ದೂರವಿಡುತ್ತದೆ, ಕೆಲ್ಪ್ ಇಲ್ಲದ್ದರಿಂದ ಒರೆಸುವವರಿಲ್ಲದೆ ಚಾಪೆ ಇನ್ನಷ್ಟು ದಪ್ಪವಾಗುತ್ತದೆ.

ನಾರ್ವೆಯ ಸ್ಕಾಗೆರಾಕ್ ತೀರದಲ್ಲಿ 2000ರ ದಶಕದ ಆರಂಭದಲ್ಲಿ ಶುಗರ್ ಕೆಲ್ಪ್ ದೊಡ್ಡ ಪ್ರಮಾಣದಲ್ಲಿ ಮಾಯವಾಗಿ, ಅದರ ಜಾಗದಲ್ಲಿ ಹೂಳು ತುಂಬಿದ ಪಾಚಿ ಚಾಪೆ ಹಬ್ಬಿದ್ದು ಬೆಳಕಿಗೆ ಬಂತು. ಬಿಸಿಯಾದ ಬೇಸಿಗೆಗಳೂ ಹೆಚ್ಚಿದ ಪೋಷಕಾಂಶಗಳೂ ಕಾರಣಗಳ ಪಟ್ಟಿಯಲ್ಲಿವೆ. ಆದರೆ ಕಾಡು ಹೋದ ಮೇಲೆ ಮರಳದಂತೆ ತಡೆದದ್ದರಲ್ಲಿ ಆ ಚಾಪೆಯ ಪಾಲು ದೊಡ್ಡದು. ದಕ್ಷಿಣ ಆಸ್ಟ್ರೇಲಿಯಾದ ಅಡಿಲೇಡ್ ನಗರದ ಮುಂದಿನ ಕಡಲಿನಲ್ಲೂ ಇದೇ ಕಥೆ. ಅಲ್ಲಿ ಕೆಲ್ಪ್ ಕಾಡು ಶೇ 70ರವರೆಗೆ ಕಳೆದುಹೋಗಿದೆ ಎಂದು ಶಾನ್ ಕಾನೆಲ್ ಮತ್ತಿತರರು 2008ರಲ್ಲಿ ಹಳೆಯ ದಾಖಲೆಗಳನ್ನು ಹುಡುಕಿ ತೋರಿಸಿದರು. ನಗರ ಬೆಳೆದ ಎಷ್ಟೋ ದಶಕಗಳ ಬಳಿಕವೇ ಅಲ್ಲೊಂದು ಕಾಡಿತ್ತೆಂಬುದು ಲೆಕ್ಕಕ್ಕೆ ಬಂತು.

ಸರ್ಗಾಸಮ್ ಮತ್ತು ನಮ್ಮ ಕರಾವಳಿ

ಬಿಸಿನೀರಿನ ಕಡಲುಗಳಲ್ಲಿ ಕೆಲ್ಪ್‌ನ ಸ್ಥಾನ ಸರ್ಗಾಸಮ್‌ನದು. ಅದರ ಉಪಾಯ ಬೇರೆ. ಅಂಡಾಣು ಹೊರಬಂದರೂ ತಾಯಿಗಿಡದ ಮೇಲೆಯೇ ಲೋಳೆಯಲ್ಲಿ ಅಂಟಿಕೊಂಡು ಫಲಿತವಾಗಿ, ಹಲವು ಕೋಶಗಳ ಮರಿಯಾಗಿ, ಹಿಡಿಯುವ ಎಳೆಗಳ ಮೊಳಕೆ ಬಂದ ಮೇಲೆ ಕೆಳಗುದುರುತ್ತದೆ. ಕೆಲ್ಪ್ ಬೀಜಕಕ್ಕಿಂತ ಹತ್ತಾರು ಪಟ್ಟು ದೊಡ್ಡದಾದ ಈ ಮರಿ ಬೇಗ ಮುಳುಗುತ್ತದೆ, ಬೇಗ ಹಿಡಿಯುತ್ತದೆ. ಕಾಲು ಬಂದ ಮೇಲೆಯೇ ಮನೆ ಬಿಡುವ ಮಗು ಇದು. ಸರ್ಗಾಸಮ್ ಸ್ವಲ್ಪ ಕೆಸರಿರುವ ಬಂಡೆಗಳಲ್ಲೂ ಬಾಳುವುದಕ್ಕೆ ಇದೂ ಒಂದು ಕಾರಣ.

ಹಾಗೆಂದು ಅದಕ್ಕೆ ಹೂಳು ಹಿತವೆಂದಲ್ಲ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನಲ್ಲಿ ದಡದ ಹತ್ತಿರದ, ನದಿಗಳ ಹೂಳು ತಲುಪುವ ಹವಳದಿಬ್ಬಗಳ ಮೇಲೆ ಸರ್ಗಾಸಮ್ ದಟ್ಟವಾಗಿದೆ. ಇದನ್ನು ಕಂಡು ಹೂಳೇ ಅದನ್ನು ಪೋಷಿಸುತ್ತದೆ ಎಂದು ಭಾವಿಸುವುದು ಸುಲಭ. ಉಮರ್, ಮಕುಕ್ ಮತ್ತು ಪ್ರೈಸ್ ಎಂಬ ಮೂವರು ಕಡಲಲ್ಲೇ ಹೂಳಿನ ಮಟ್ಟ ಬದಲಿಸಿ ನೋಡಿ 1998ರಲ್ಲಿ ಪ್ರಕಟಿಸಿದ ಫಲಿತಾಂಶ ತಿರುಗುಮುರುಗಾಗಿತ್ತು: ಹೂಳು ಹೆಚ್ಚಿದಷ್ಟೂ ಹೊಸ ಮರಿಗಳು, ಬೆಳವಣಿಗೆ, ಉಳಿವು, ಬುಡದಿಂದ ಮತ್ತೆ ಚಿಗುರುವ ಶಕ್ತಿ ಎಲ್ಲವೂ ತಗ್ಗಿದವು. ಅಲ್ಲಿ ಸರ್ಗಾಸಮ್ ಇರುವುದು ಹೂಳಿನಿಂದಾಗಿ ಅಲ್ಲ, ಹೂಳನ್ನು ಸಹಿಸಿಕೊಂಡು.

ಈ ಫಲಿತಾಂಶವನ್ನು ಇಟ್ಟುಕೊಂಡು ಕರ್ನಾಟಕದ ಕರಾವಳಿಯನ್ನು ನೋಡಬಹುದು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಯಿಂದ ಹಿಡಿದು ನೇತ್ರಾವತಿಯವರೆಗೆ ಘಟ್ಟದಿಂದ ಇಳಿಯುವ ಹೊಳೆಗಳೆಲ್ಲ ತಮ್ಮ ಹೂಳಿನ ಹೆಚ್ಚಿನ ಪಾಲನ್ನು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಕಡಲಿಗೆ ಮುಟ್ಟಿಸುತ್ತವೆ. ಅಳಿವೆಗಳ ಮುಂದೆ ಕಡಲು ಆಗ ಕೆಂಪು. ಬಂಡೆಗಳ ಮೇಲಿನ ಸರ್ಗಾಸಮ್, ಪಡೈನಾಗಳ ಸುಗ್ಗಿ ಅದಾದ ಮೇಲೆ: ಮಳೆ ಹಿಂದೆ ಸರಿದು ನೀರು ತಿಳಿಯಾದಂತೆ ಚಿಗುರಿ, ಚಳಿಗಾಲದಲ್ಲಿ ದಟ್ಟವಾಗಿ, ಬೇಸಿಗೆ ಬಲಿತಂತೆ ಕಳಚಿ ದಡಕ್ಕೆ ಬೀಳುತ್ತವೆ. ಕಾರವಾರದ ಆಸುಪಾಸಿನ ಬಂಡೆದಂಡೆಯಿರಲಿ, ಮಲ್ಪೆಯ ಮುಂದಿನ ಸೇಂಟ್ ಮೇರಿಸ್ ದ್ವೀಪಗಳಿರಲಿ, ಇಳಿತದ ಹೊತ್ತಿನಲ್ಲಿ ಚಳಿಗಾಲದಲ್ಲಿ ಕಾಣುವ ಕಂದು ಹಾಸು ಮಳೆಗಾಲದಲ್ಲಿ ಕಾಣುವುದಿಲ್ಲ. ಹೂಳಿನ ನಾಲ್ಕು ತಿಂಗಳು ಬಿಟ್ಟು ಉಳಿದ ಕಾಲದಲ್ಲಿ ಸಂಸಾರ ಮುಗಿಸುವ ರೂಢಿ ಇವುಗಳದು.

ಈ ರೂಢಿ ಮಳೆಯ ಹೂಳಿಗೆ ಹೊಂದಿಕೊಂಡದ್ದು, ನಮ್ಮ ಹೂಳಿಗಲ್ಲ. ಅಳಿವೆಯ ಬಾಯಿಯ ಹೂಳೆತ್ತಿ ದೋಣಿಗಳಿಗೆ ದಾರಿ ಮಾಡಿಕೊಡಿ ಎಂಬುದು ಕರಾವಳಿಯ ಮೀನುಗಾರರ ನ್ಯಾಯವಾದ ಬೇಡಿಕೆ. ಮಳೆಗಾಲದ ಕಡಲಿನಲ್ಲಿ ಡ್ರೆಜ್ಜರ್ ನಿಲ್ಲಲಾರದು. ಹಾಗಾಗಿ ಆ ಕೆಲಸ ನಡೆಯುವುದು ಕಡಲು ಶಾಂತವಾದ ತಿಂಗಳುಗಳಲ್ಲಿ, ಎಂದರೆ ಬಂಡೆಯ ಮೇಲೆ ಕಳೆಯ ಮರಿಗಳು ಕೂರುವ ಕಾಲದಲ್ಲೇ. ಮಳೆಗಾಲದ ಒಂದು ವಾರದ ಹೂಳಿನ ಎದುರು ಡ್ರೆಜ್ಜರ್ ಕದಡುವುದು ಅಲ್ಪ. ಆದರೆ ಗಾಜಿನ ತಟ್ಟೆಯ ಪ್ರಯೋಗ ಹೇಳಿದ್ದು, ಸರದಿ ತಪ್ಪಿ ಬಂದ ಅಲ್ಪವೇ ಹೆಚ್ಚು ಕೆಡಿಸಬಲ್ಲದು ಎಂದು. ಗುಡ್ಡ ಕಡಿದು ಮಾಡುವ ರಸ್ತೆಗಳದ್ದು ಇನ್ನೊಂದು ಬಗೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಕುಸಿದು, ಜೀವಗಳನ್ನು ಬಲಿ ತೆಗೆದುಕೊಂಡು, ಗಂಗಾವಳಿಯ ಒಡಲಿಗೆ ಬಿತ್ತು. ಹಾಗೆ ನದಿಗೆ ಬಿದ್ದ ರಾಶಿ ಒಂದೇ ಮಳೆಗೆ ಕಡಲು ಸೇರಿ ಮುಗಿಯುವುದಿಲ್ಲ; ಹಲವು ಕಾಲ ಕಂತುಕಂತಾಗಿ ಇಳಿಯುತ್ತದೆ.

ಸರಾಸರಿ ಮುಚ್ಚಿಡುವ ವಾರ

ಬಾಲ್ಯವೇ ದುರ್ಬಲ ಕೊಂಡಿಯಾದರೆ ಅದನ್ನು ದಾಟಿಸಿಬಿಡುವುದು ಒಂದು ದಾರಿ. ನಾರ್ವೆಯಲ್ಲಿ ಸ್ಟೈನ್ ಫ್ರೆಡ್ರಿಕ್ಸನ್ ಮತ್ತು ಸಂಗಡಿಗರು 2020ರಲ್ಲಿ ವಿವರಿಸಿದ ಹಸಿರು ಜಲ್ಲಿ ಎಂಬ ವಿಧಾನ ಮಾಡುವುದು ಇದನ್ನೇ. ಸಣ್ಣ ಜಲ್ಲಿಕಲ್ಲುಗಳ ಮೇಲೆ ಪ್ರಯೋಗಾಲಯದಲ್ಲಿ ಶುಗರ್ ಕೆಲ್ಪ್ ಬೀಜಕಗಳನ್ನು ಕೂರಿಸಿ, ಮರಿಗಳು ಎರಡು ಮೂರು ಸೆಂಟಿಮೀಟರ್ ಆಗುವವರೆಗೆ ಸಾಕಿ, ದೋಣಿಯಿಂದ ಕಡಲಿಗೆ ಚೆಲ್ಲುತ್ತಾರೆ. ಮುಳುಗುಗಾರರು ಬೇಡ, ಖರ್ಚೂ ಕಡಿಮೆ. ಮರಿಯ ಬುಡ ಬೆಳೆದು ಜಲ್ಲಿಯಿಂದ ಕೆಳಗಿನ ಬಂಡೆಗೆ ದಾಟಿಕೊಳ್ಳುತ್ತದೆ. ಜಾಣ ಉಪಾಯವೇನೋ ಹೌದು. ಆದರೆ ಹೀಗೆ ನೆಟ್ಟ ಕಾಡು ಮುಂದಿನ ತಲೆಮಾರನ್ನು ತಾನೇ ಹಡೆಯಬೇಕಾದಾಗ ಅದೇ ಹೂಳಿನ ಎದುರು ಬಂದು ನಿಲ್ಲುತ್ತದೆ. ಹೂಳಿನ ಮೂಲ ತಗ್ಗದಿದ್ದರೆ ಪ್ರತಿ ತಲೆಮಾರನ್ನೂ ನಾವೇ ಸಾಕಿ ಕೊಡಬೇಕಾದೀತು.

ಅದಕ್ಕಿಂತ ಅಗ್ಗದ ದಾರಿ ಕೆಲಸದ ದಿನಾಂಕವನ್ನು ನೋಡುವುದು. ಯೋಜನೆಗಳ ಪರಿಸರ ವರದಿಗಳಲ್ಲಿ ಹೂಳು ಸಾಮಾನ್ಯವಾಗಿ ಬರುವುದು ಒಟ್ಟು ಪ್ರಮಾಣವಾಗಿ, ಇಲ್ಲವೇ ಸರಾಸರಿಯಾಗಿ: ವರ್ಷಕ್ಕೆ ಇಷ್ಟು ಟನ್, ಲೀಟರಿಗೆ ಇಷ್ಟು ಮಿಲಿಗ್ರಾಂ. ಬೀಜಕ ಬಂಡೆ ಹಿಡಿಯುವ ಒಂದು ವಾರ ಹೂಳು ಕವಿದು, ಉಳಿದ ಐವತ್ತೊಂದು ವಾರ ನೀರು ಕನ್ನಡಿಯಂತಿದ್ದರೂ ಸರಾಸರಿ ಸೊಗಸಾಗಿಯೇ ಇರುತ್ತದೆ. ಆ ವರ್ಷದ ಮರಿಗಳು ಮಾತ್ರ ಇರುವುದಿಲ್ಲ. ಎಲ್ವಾದಲ್ಲಿ ಕೆಲ್ಪ್ ಮರಳಿ ಬಂದದ್ದು ಹೂಳು ಕಡಿಮೆ ಇತ್ತೆಂದಲ್ಲ. ಹೂಳು ಬಂದು, ಮುಗಿದು, ಬಂಡೆ ಉಳಿದ ಕಡೆ ಬೀಜಕಗಳಿಗೆ ಮತ್ತೆ ತಿಳಿನೀರಿನ ಒಂದು ವಸಂತ ಸಿಕ್ಕಿತು ಎಂದು. ನಗರಗಳ ಮುಂದಿನ ಕಡಲಿಗೆ ಸಿಗದಿರುವುದು ಇಂಥ ಬಿಡುವೇ.

ಕಾಲ ನೋಡಿ ಕೆಲಸ ನಿಲ್ಲಿಸುವುದು ನಮ್ಮ ಕರಾವಳಿಗೆ ಹೊಸ ಸಂಗತಿಯೇನಲ್ಲ. ಪಶ್ಚಿಮ ತೀರದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿದೆ. ಮೀನು ಮರಿ ಮಾಡುವ ಕಾಲ ಎಂಬ ವಾದಕ್ಕೆ ಸಾವಿರಾರು ದೋಣಿಗಳು ದಡದಲ್ಲಿ ನಿಲ್ಲುತ್ತವೆ, ಜನ ನಷ್ಟ ತಾಳುತ್ತಾರೆ. ಆ ಮೀನಿನ ಮರಿಗಳಲ್ಲಿ ಎಷ್ಟೋ ಅಡಗಿ ಬೆಳೆಯುವುದು ಬಂಡೆಯ ಕಳೆಗಳ ನಡುವೆ. ಕಳೆ ಮರಿ ಮಾಡುವ ಕಾಲ ಯಾವುದೆಂದು ಒಂದೊಂದು ಬಂಡೆದಂಡೆಯಲ್ಲೂ ಗುರುತಿಸಿ, ಅದರ ಹತ್ತಿರದ ಹೂಳೆತ್ತುವಿಕೆಯನ್ನೂ ಗುಡ್ಡ ಕಡಿಯುವುದನ್ನೂ ಕೆಲವು ವಾರ ಆಚೀಚೆ ಸರಿಸುವುದು ಅದಕ್ಕಿಂತ ಎಷ್ಟೋ ಸಣ್ಣ ತ್ಯಾಗ. ಗುತ್ತಿಗೆಯ ಪತ್ರದಲ್ಲಿ ಹೂಳಿನ ಟನ್ ಲೆಕ್ಕದ ಪಕ್ಕದಲ್ಲಿ ಒಂದು ತಿಂಗಳಿನ ಹೆಸರು ಬರೆಯಬೇಕಷ್ಟೆ.